ನೋವು ಬಚ್ಚಿಡುವವರ ನಡುವೆ ನಾಗರತ್ನಾ ಅವರ ಸೀಟಿ

ಬೆಟಗೇರಿಯ ಮೈದಾನದಲ್ಲಿ ಬೆಳಕು ಹರಿಯುವ ಹೊತ್ತಿಗೆ ನಾಗರತ್ನಾ ಬಗ್ಗಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದಾರೆ. ಎಳೆದ ಗೆರೆಯ ಮೇಲೆಯೇ ಒಬ್ಬ ಬೈಕು ತಂದು ನಿಲ್ಲಿಸುತ್ತಾನೆ. "ಇಡೀ ಗದಗ ಬಿಟ್ಟು ನಿನಗ ಇಲ್ಲೇ ಜಾಗ ಸಿಕ್ತೇನಪಾ?" ಎಂದು ರೇಗಿ, ಆ ಗೆರೆಯನ್ನು ಮತ್ತೆ ಎಳೆಯುತ್ತಾರೆ.

ವಾರವಿಡೀ ರೆಡಿಮೇಡ್ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುವ ಇವರು ಭಾನುವಾರ ರಗ್ಬಿ ಪಂದ್ಯಗಳ ರೆಫ್ರಿ. ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದವರು ಪುಣೆಯ ಶಿಬಿರವೊಂದರಲ್ಲಿ ಈ ಮೊಟ್ಟೆಯಾಕಾರದ ಚೆಂಡಿಗೆ ಮರುಳಾದರು. ಒಂದು ಪಂದ್ಯದಲ್ಲಿ ಮೊಣಕಾಲು ತಿರುಚಿತು. "ಹೆಂಗಸರಂಗ ಅಳಬ್ಯಾಡ, ಆಡು ಅಂದ್ರು ಕೋಚು. ಆಡಿದೆ. ಕಾಲು ಹೋತು."

ಆಡುವುದು ನಿಂತು ರೆಫ್ರಿಯಾದ ಹೊಸತರಲ್ಲಿ, ಬಳೆ ತೊಟ್ಟವಳು ಸೀಟಿ ಊದಿದರೆ ನಾವು ನಿಲ್ಲಬೇಕೇ ಎಂದು ಕೇಳಿದವರಿದ್ದರು. "ಸೀಟಿ ಊದೂದು ಬಾಯಿ, ಬಳಿ ಅಲ್ಲ ಅಂದೆ."

ಈಗ ಸೀಟಿಗೆ ಎಲ್ಲರೂ ನಿಲ್ಲುತ್ತಾರೆ. ಪೆಟ್ಟು ಬಿದ್ದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾಗರತ್ನಾ ಅವರಿಗೆ ಸಾಕುಸಾಕಾಗಿರುವುದು ಇದೇ. "ಬೆರಳು ಸೊಟ್ಟ ಆಗಿರ್ತೈತಿ, ಕೈ ಹಿಂದ ಮುಚ್ಚಿಕೊಂಡು ನಿಂತಿರ್ತಾನ. ಕೇಳಿದ್ರ ಏನಿಲ್ರಿ ಅಕ್ಕಾರ ಅಂತಾನ. ಹೇಳಿದ್ರ ಗಂಡಸ್ತನ ಎಲ್ಲಿ ಉದುರಿ ಬೀಳ್ತೈತಿ ಅಂತ ಅಂಜಿಕಿ!"

ಕಳೆದ ತಿಂಗಳು ಬೆಟಗೇರಿಗೂ ಮುಂಡರಗಿಗೂ ಜಿದ್ದಾಜಿದ್ದಿ ಪಂದ್ಯ. ಚೆಂಡು ಹಿಡಿದು ಓಡುತ್ತಿದ್ದ ಬೆಟಗೇರಿಯ ಜಾಹೀದನನ್ನು ಮುಂಡರಗಿಯ ನಾಯಕ ಅಂಬರೀಶ ಸೊಂಟ ಹಿಡಿದು ಕೆಡವಿದ. ನಿಯಮ ಮೀರಿರಲಿಲ್ಲ. ಆದರೆ ಜಾಹೀದನ ತಲೆ ನೆಲಕ್ಕೆ ಬಡಿಯಿತು. ಎದ್ದವನು ಮೈ ಕೊಡವಿಕೊಂಡು ತನ್ನದೇ ಗೋಲಿನ ಕಡೆ ಓಡತೊಡಗಿದ. ನಾಗರತ್ನಾ ಆಟ ನಿಲ್ಲಿಸಿದರು.

"ಇವತ್ತು ಯಾರ ಜೋಡಿ ಆಡಾಕತ್ತೀರಿ?"

"ಲಕ್ಷ್ಮೇಶ್ವರ," ಎಂದ ಜಾಹೀದ.

"ಹೊರಗ ನಡಿ."

ಬೆಟಗೇರಿಯ ನಾಯಕ ನಂದೀಶ ಮೈಮೇಲೆ ಏರಿ ಬಂದ. "ಗಂಡಸ ಅದಾನ್ರಿ ಅವ! ಒಂದು ಪೆಟ್ಟಿಗೆ ಏನಾಗ್ತೈತಿ?" ಸುತ್ತ ನಿಂತವರು ನೀರಿನ ಪ್ಯಾಕೆಟ್ ಎಸೆದರು. ಜಾಹೀದನೂ ಹಟ ಹಿಡಿದ. ನಾಗರತ್ನಾ ಸೀಟಿಯನ್ನು ಜೇಬಿಗಿಟ್ಟು ಹೇಳಿದರು: "ಇಂವ ಹೊರಗ ಹೋಗೂತನಕ ಆಟ ಇಲ್ಲ."

ಆಗ ಮುಂದೆ ಬಂದವನು ಅಂಬರೀಶ. ತಾನೇ ಕೆಡವಿದವನ ಹೆಗಲಿಗೆ ಕೈ ಹಾಕಿ, "ಬಾ ದೋಸ್ತ, ನಾನೂ ಬರ್ತೀನಿ," ಎಂದು ಗೆರೆಯಾಚೆ ಕರೆದೊಯ್ದು ಕುಳಿತುಬಿಟ್ಟ. ಅವನ ತಂಡದವರೇ ಬೈದರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಜಾಹೀದ ವಾಂತಿ ಮಾಡಿಕೊಂಡ. ಅವನನ್ನು ಆಸ್ಪತ್ರೆಗೆ ಸೇರಿಸಿದರು. ತಲೆಗೆ ಪೆಟ್ಟಾಗಿದೆ, ಮತ್ತೊಂದು ಬಿದ್ದಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಪಂದ್ಯವನ್ನು ಬೆಟಗೇರಿ ಸೋತಿತು. ಸೋಲಿಸಿದ್ದು ರೆಫ್ರಿ ಎಂದೇ ಊರೆಲ್ಲ ಮಾತು.

ಜಾಹೀದ ಈಗ ಆರಾಮಾಗಿದ್ದಾನೆ. ಆಡಲು ವೈದ್ಯರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಇಂದು ಗೆರೆಯಾಚೆ ಕುಳಿತು, ಪಂದ್ಯಕ್ಕೆ ಮುಂಚೆ ಅಭ್ಯಾಸ ಮಾಡುತ್ತಿರುವ ಗೆಳೆಯರನ್ನು ನೋಡುತ್ತಿದ್ದಾನೆ. ನಂದೀಶ ಕ್ಷಮೆ ಕೇಳಿದನೇ ಎಂದರೆ ನಾಗರತ್ನಾ ಕೈ ಆಡಿಸುತ್ತಾರೆ. "ಕ್ಷಮಾ ಯಾರಿಗೆ ಬೇಕ್ರಿ? ಸನ್ಮಾನಾನೂ ಬ್ಯಾಡ. ಅಕ್ಕಾರ, ನನಗ ನೋವಾಗೇತಿ ಅಂತ ಒಬ್ಬನರ ತಾನಾಗೇ ಬಂದು ಹೇಳ್ಲಿ. ನಾ ಸೀಟಿ ಹಿಡಿದಿದ್ದಕ್ಕ ಅಷ್ಟ ಸಾಕು."

ಮಾತು ಮುಗಿಯುವಷ್ಟರಲ್ಲಿ ಮೈದಾನದ ನಡುವೆ ನಂದೀಶ ಕುಂಟುತ್ತಿರುವುದು ಅವರ ಕಣ್ಣಿಗೆ ಬೀಳುತ್ತದೆ.

"ಏನಾತೋ?"

"ಏನಿಲ್ರಿ ಅಕ್ಕಾರ. ಬೂಟು ಬಿಗಿ ಆಗೇತಿ."

ನಾಗರತ್ನಾ ಒಮ್ಮೆ ಆಕಾಶ ನೋಡಿ, ಸೀಟಿ ಬಾಯಿಗಿಟ್ಟುಕೊಳ್ಳುತ್ತಾರೆ.