ಎರಡನೇ ಗಾಡಿಯಿಂದ ಬಂದ ‘ಆಯ್ತು ಮೇಡಂ’

2023ರ ಫೆಬ್ರವರಿ. ಸರ್ಕಾರಿ ಕಂಟ್ರೋಲ್ ರೂಮೊಂದರಲ್ಲಿ ಮೂವತ್ತಮೂರು ವರ್ಷ ವೈರ್‌ಲೆಸ್ ಆಪರೇಟರ್ ಆಗಿ ದುಡಿದು ನಾನು ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಸುಮ್ಮನೆ ಕೂರಲಾರದೆ, ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿದ್ದ ಒಂದು ಕ್ಯಾರವಾನ್ ಬಾಡಿಗೆ ಕಚೇರಿಗೆ ಸೇರಿಕೊಂಡಿದ್ದೆ. ಹುದ್ದೆಯ ಹೆಸರು ಟ್ರಿಪ್ ಕಂಟ್ರೋಲರ್. ಹೆಸರು ದೊಡ್ಡದು, ಇದ್ದದ್ದು ಒಂದು ಮೇಜು, ಎರಡು ಫೋನು, ಒಂದು ಲಾಗ್‌ಬುಕ್ಕು. ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಬಂತು, ಓಡಿಸಿದವರು ಯಾರು ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಹನುಮಂತನಗರದ ಮನೆಯಿಂದ ನಡೆದೇ ಹೋಗಿ ನಡೆದೇ ಬರುತ್ತಿದ್ದೆ. ನಿವೃತ್ತಿಯಾದರೆ ದಣಿವೂ ಹೋಗುತ್ತದೆ ಎಂದು ಸಹೋದ್ಯೋಗಿಗಳು ಹೇಳಿದ್ದರು. ನನಗಂತೂ ಹೋಗಿರಲಿಲ್ಲ.

ಕ್ಯಾರವಾನ್ ಎಂದರೆ ಮನೆಯನ್ನೇ ಹೊತ್ತು ಓಡುವ ಗಾಡಿ. ಹಿಂದೆ ಮಲಗಲು ಹಾಸಿಗೆ, ಸಣ್ಣ ಅಡುಗೆಕಟ್ಟೆ, ಟಾಯ್ಲೆಟ್, ಏಸಿ. ಚಾಲಕನ ಕ್ಯಾಬಿನ್ನಿಗೂ ಹಿಂಭಾಗಕ್ಕೂ ನಡುವೆ ದಪ್ಪನೆಯ ಪರದೆ. ನಮ್ಮ ಸಂಸ್ಥೆಯಲ್ಲಿ ಅಂಥವು ಮೂರಿದ್ದವು. ಮಾಲೀಕ ಶಿವಪ್ರಕಾಶ್ ಅವರ ಮನೆತನ ಮೂರು ತಲೆಮಾರಿನಿಂದ ಪೇಟೆಯಲ್ಲಿ ಜವಳಿ ವ್ಯಾಪಾರ ಮಾಡಿದ್ದು. ಇವರಿಗೆ ಬಟ್ಟೆ ಬೇಸರವಾಗಿ ಗಾಡಿಗೆ ಬಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಹೊಸ ಸಾಮಾನು ಕಂಡರೆ ಕೈ ತಡೆಯದು.

ಆ ತಿಂಗಳು ಅವರ ಕೈಗೆ ಸಿಕ್ಕಿದ್ದು ಸಿ.ಬಿ. ರೇಡಿಯೊ. ವಿದೇಶದಲ್ಲಿ ಲಾರಿಯವರು, ಕ್ಯಾರವಾನಿನವರು ಗಾಡಿಯಲ್ಲಿ ಇಟ್ಟುಕೊಂಡು ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಮಾತಾಡುವ ಸೆಟ್ ಅದು. ಗುಂಡಿ ಒತ್ತಿದರೆ ಮಾತು, ಬಿಟ್ಟರೆ ಕೇಳುವುದು. 27 ಮೆಗಾಹರ್ಟ್ಸ್ ಆಸುಪಾಸಿನ ಬ್ಯಾಂಡು, ಐದು ವ್ಯಾಟಿನೊಳಗಿದ್ದರೆ ನಮ್ಮಲ್ಲೂ ಲೈಸೆನ್ಸ್ ಬೇಕಿಲ್ಲ.

“ಮೇಡಂ, ನಮ್ಮ ಗಾಡಿಗಳಲ್ಲಿ ಇದು ಇರ್ಬೇಕಾ ಬೇಡ್ವಾ, ನೀವೇ ಹೇಳ್ಬೇಕು. ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?” ಎಂದರು ಶಿವಪ್ರಕಾಶ್. ಹಾಗೆ ಕೇಳುವ ಹೊತ್ತಿಗೆ ನಾಲ್ಕು ಸೆಟ್ಟು ಅವರ ಮೇಜಿನ ಮೇಲೆ ಬಂದು ಕೂತಿದ್ದವು.

ಆದರೂ ಪರೀಕ್ಷೆ ಮಾಡಿದೆ. ಕಚೇರಿಯ ತಾರಸಿ ಮೇಲೆ ಒಂದು ಸೆಟ್ ಇಟ್ಟುಕೊಂಡು ನಲವತ್ತು ನಿಮಿಷ ಎಲ್ಲ ಚಾನೆಲ್ಲುಗಳನ್ನೂ ತಿರುಗಿಸಿದೆ. ಬರೀ ಸದ್ದು. ಒಂದು ಚಾನೆಲ್ಲಿನಲ್ಲಿ ಮಾತ್ರ ಟಿಕ್ ಟಿಕ್ ಎಂದು ಏನೋ ಬಡಿದುಕೊಳ್ಳುತ್ತಿತ್ತು. ಬಗ್ಗಿ ನೋಡಿದರೆ ಪಕ್ಕದ ಮನೆಯ ಅಂಗಳದಲ್ಲಿ ಮಗುವೊಂದು ರಿಮೋಟ್ ಹಿಡಿದು ಆಟದ ಕಾರು ಓಡಿಸುತ್ತಿತ್ತು. ಅದೂ ಅದೇ ಬ್ಯಾಂಡು. ಕೆಳಗಿಳಿದು ಒಂದೂವರೆ ಪುಟದ ವರದಿ ಬರೆದುಕೊಟ್ಟೆ. ನಮ್ಮ ರಸ್ತೆಗಳಲ್ಲಿ ಈ ರೇಡಿಯೊ ಕೇಳುತ್ತಾ ಕೂತವರು ಯಾರೂ ಇಲ್ಲ. ಒಂದೇ ಗಾಡಿ ಹೋಗುವಾಗ ಇದರಿಂದ ಪ್ರಯೋಜನವಿಲ್ಲ. ಎರಡು ಗಾಡಿ ಒಟ್ಟಿಗೆ ಹೋದರೆ ಐದಾರು ಕಿಲೋಮೀಟರಿನೊಳಗೆ ಉಪಯೋಗಕ್ಕೆ ಬರಬಹುದು, ಆದರೆ ಚಾಲಕರಿಗೆ ತರಬೇತಿ ಬೇಕು. ಶಿವಪ್ರಕಾಶ್ ಕೊನೆಯ ವಾಕ್ಯವನ್ನು ಮಾತ್ರ ಓದಿದರೆಂದು ಕಾಣುತ್ತದೆ. ಮರುದಿನವೇ ಎರಡು ಗಾಡಿಗೆ ಸೆಟ್ ಕೂರಿಸಿದರು.

ತರಬೇತಿಗೆ ಬಂದವರು ಇಬ್ಬರು. ರಂಗಸ್ವಾಮಿ ಐವತ್ತಾರು ದಾಟಿದವರು, ಬಸ್ಸು ಓಡಿಸಿ ಪಳಗಿದವರು. ಲೋಕೇಶನಿಗೆ ಮೂವತ್ತನಾಲ್ಕು. ಚಾಮರಾಜಪೇಟೆಯವನು, ಮಾತು ಕಡಿಮೆ, ಗಾಡಿಗೆ ಒಂದು ಗೀರೂ ಬೀಳಗೊಡುತ್ತಿರಲಿಲ್ಲ. ನಾನು ಕಲಿಸಿದ ಮುಖ್ಯ ಪಾಠ ರೀಡ್-ಬ್ಯಾಕ್. ಅಂದರೆ ಕೇಳಿಸಿಕೊಂಡದ್ದನ್ನು ಹಾಗೆಯೇ ವಾಪಸ್ ಹೇಳುವುದು. ‘ಮುಂದೆ ಎಡಕ್ಕೆ’ ಎಂದರೆ, ‘ಮುಂದೆ ಎಡಕ್ಕೆ’ ಎಂದೇ ಉತ್ತರ ಬರಬೇಕು. ಬರಿಯ ‘ಸರಿ’, ‘ಆಯ್ತು’ ನಮ್ಮ ಕಂಟ್ರೋಲ್ ರೂಮಿನಲ್ಲಿ ನಡೆಯುತ್ತಿರಲಿಲ್ಲ. ‘ಆಯ್ತು’ ಅಂದವನು ಕೇಳಿಸಿಕೊಂಡಿದ್ದಾನೋ ಇಲ್ಲವೋ ತಿಳಿಯುವುದೇ ಇಲ್ಲ.

ಲೋಕೇಶ ತಲೆ ಕೆರೆದುಕೊಂಡ. “ಮೇಡಂ, ದೊಡ್ಡೋರು ನೀವು. ನೀವು ಹೇಳಿದ್ದನ್ನೇ ನಾನು ತಿರುಗಿ ಹೇಳಿದ್ರೆ ಅಣಕಿಸ್ದಂಗೆ ಆಗಲ್ವಾ?”

“ಅಣಕಿಸು ಪರವಾಗಿಲ್ಲ,” ಎಂದೆ. ಅವನು ನಕ್ಕ. ಆದರೆ ಒಪ್ಪಿದಂತೆ ಕಾಣಲಿಲ್ಲ.

ಮೊದಲ ಜೋಡಿ ಟ್ರಿಪ್ಪು ಮಲ್ಲೇಶ್ವರಂನ ಒಂದು ಕುಟುಂಬದ್ದು. ಮನೆಯ ಹಿರಿಯರಾದ ಗಿರಿಜಮ್ಮನವರಿಗೆ ಎಪ್ಪತ್ತೈದು ತುಂಬಿತ್ತು. ಬೆಳಿಗ್ಗೆ ಮನೆಯಲ್ಲಿ ಪೂಜೆ, ಮಧ್ಯಾಹ್ನ ಊಟ, ಊಟ ಮುಗಿದ ಮೇಲೆ ಹದಿಮೂರು ಜನ ಎರಡು ಗಾಡಿಯಲ್ಲಿ ಹಂಪಿಗೆ ಹೊರಡುವುದೆಂದು ತೀರ್ಮಾನವಾಗಿತ್ತು. ರೇಡಿಯೊ ಹೇಗೆ ನಡೆಯುತ್ತದೆ ನೋಡಲು ನಾನು ಶಿರಾವರೆಗೆ ಜೊತೆಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರಬೇಕಿತ್ತು.

ಆ ದಿನ ಬೆಳಿಗ್ಗೆ ಕಚೇರಿಗೆ ಹೋಗಿ ಲಾಗ್‌ಬುಕ್ ತೆಗೆದೆ. ಲೋಕೇಶ ವಯನಾಡಿನ ಟ್ರಿಪ್ ಮುಗಿಸಿ ಬಂದದ್ದು ಬೆಳಗಿನ ಜಾವ ನಾಲ್ಕು ಹತ್ತಕ್ಕೆ. ಗಾಡಿ ತೊಳೆದು ಮನೆಗೆ ಹೋಗುವಾಗ ಆರಾಗಿರಬೇಕು. ಒಂಬತ್ತೂವರೆಗೆ ಮತ್ತೆ ಡ್ಯೂಟಿ. ಶಿವಪ್ರಕಾಶ್‌ಗೆ ಫೋನ್ ಮಾಡಿದೆ.

“ಗೊತ್ತು ಮೇಡಂ, ಆದ್ರೆ ಮೂರನೇ ಡ್ರೈವರ್ ಊರಿಗೆ ಹೋಗ್ಬಿಟ್ಟಿದಾನೆ. ಲೋಕೇಶ ಮ್ಯಾನೇಜ್ ಮಾಡ್ತಾನೆ. ನೀವು ಟ್ರಿಪ್ ಶೀಟ್‌ಗೆ ಸೈನ್ ಹಾಕ್ಬಿಡಿ,” ಎಂದರು. ನಾನು ಏನೋ ಹೇಳಿ ಫೋನ್ ಇಟ್ಟು, ಶೀಟಿಗೆ ಸಹಿ ಹಾಕಿದೆ.

ಮಲ್ಲೇಶ್ವರಂನ ಆ ಮನೆಯಲ್ಲಿ ಊಟ ಜೋರಾಗಿತ್ತು. ಡ್ರೈವರ್‌ಗಳಿಗೆ ಹೊರಗೆ ಪೊಟ್ಟಣ ಕಟ್ಟಿಕೊಡುವ ಜನರಲ್ಲ ಅವರು. ಗಿರಿಜಮ್ಮನವರೇ ಕೈಹಿಡಿದು ಕರೆತಂದು ಪಂಕ್ತಿಯಲ್ಲಿ ಕೂರಿಸಿದರು, ತಾವೇ ನಿಂತು ಬಡಿಸಿದರು. ಲೋಕೇಶನ ಎಲೆಗೆ ಒಂದು ಹೋಳಿಗೆ ಬಿತ್ತು, ತುಪ್ಪ ಬಿತ್ತು, ಇನ್ನೊಂದು ಬಿತ್ತು. “ನನ್ನ ಹುಟ್ಟಿದ ದಿನ ಕಣಪ್ಪ, ಬೇಡ ಅನ್ಬಾರ್ದು. ದೂರ ಓಡಿಸ್ಬೇಕು, ಹೊಟ್ಟೆ ತುಂಬ ತಿನ್ನು,” ಎಂದು ಮೂರನೆಯದನ್ನೂ ಹಾಕಿದರು.

“ಆಯ್ತಮ್ಮ,” ಎನ್ನುತ್ತಲೇ ಇದ್ದ ಲೋಕೇಶ. ಕೈ ತೊಳೆಯುವಾಗ ಅವನು ಮುಖಕ್ಕೂ ನೀರು ಹಾಕಿಕೊಂಡ. ಗಾಡಿ ಹತ್ತುವ ಮುನ್ನ ಇನ್ನೊಮ್ಮೆ ನಲ್ಲಿಗೆ ಹೋಗಿ ಹಾಕಿಕೊಂಡ. ನಾನು ಎರಡನ್ನೂ ನೋಡಿದೆ. ಸೆಖೆ ಇರಬೇಕು ಎಂದುಕೊಂಡೆ, ಅಂದರೆ ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಒಂದು ನಲವತ್ತಕ್ಕೆ ಹೊರಟೆವು. ರಂಗಸ್ವಾಮಿಯ ಗಾಡಿ ಮುಂದೆ, ಅದರ ಕ್ಯಾಬಿನ್ನಿನಲ್ಲಿ ನಾನು. ಮುನ್ನೂರು ಮೀಟರ್ ಹಿಂದೆ ಲೋಕೇಶನ ಗಾಡಿ, ಅದರಲ್ಲಿ ಗಿರಿಜಮ್ಮ, ಅವರ ಮಗ ಮಹೇಶ್ ಸೇರಿ ಏಳು ಜನ. ಯಶವಂತಪುರದ ಟ್ರಾಫಿಕ್ಕಿನಲ್ಲಿ ರೇಡಿಯೊ ಚೆನ್ನಾಗಿಯೇ ಕೆಲಸ ಮಾಡಿತು. “ಎಡಗಡೆ ಲಾರಿ ಕೆಟ್ಟು ನಿಂತಿದೆ, ಬಲಕ್ಕೆ ಬನ್ನಿ, ಓವರ್,” ಎಂದರೆ, “ಲಾರಿ ನಿಂತಿದೆ, ಬಲಕ್ಕೆ ಬರ್ತೀನಿ ಮೇಡಂ,” ಎಂದು ಲೋಕೇಶ ಸಂಕೋಚದಿಂದಲೇ ಒಪ್ಪಿಸುತ್ತಿದ್ದ. ನೆಲಮಂಗಲದ ಟೋಲ್ ದಾಟಿದ ಮೇಲೆ ರಸ್ತೆ ನೇರವಾಯಿತು. ಬಿಸಿಲು ಗಾಜಿಗೆ ಹೊಡೆಯುತ್ತಿತ್ತು. ನಮ್ಮ ಗಾಡಿಯ ಹಿಂಭಾಗದಲ್ಲಿ ಎಲ್ಲರೂ ಗೊರಕೆ ಹೊಡೆಯುತ್ತಿದ್ದರು.

ಮೂರೂಕಾಲಿಗೆ ನಾನು ಕರೆದೆ. “ಮುಂದೆ ರೋಡ್ ಕೆಲಸ ನಡೀತಿದೆ, ನಲವತ್ತಕ್ಕೆ ಇಳಿಸಿ, ಓವರ್.”

“ಆಯ್ತು ಮೇಡಂ.”

ರೀಡ್-ಬ್ಯಾಕ್ ಇಲ್ಲ. ಹುಡುಗ ಬೇಸತ್ತ ಎಂದುಕೊಂಡೆ. ಎರಡು ನಿಮಿಷ ಬಿಟ್ಟು ಮತ್ತೆ ಕರೆದೆ. ಈ ಸಲ ಉತ್ತರ ಬರಲು ನಾಲ್ಕು ಸೆಕೆಂಡು ಹಿಡಿಯಿತು. ಅದೇ “ಆಯ್ತು ಮೇಡಂ.” ಅದೇ ಶ್ರುತಿ, ಅದೇ ಉದ್ದ. ನನ್ನ ಬೆನ್ನು ನೆಟ್ಟಗಾಯಿತು. ಮೂವತ್ತಮೂರು ವರ್ಷದ ಪಾಳಿಗಳಲ್ಲಿ ನಾನು ಕೇಳಿದ್ದು ಮುಖವಿಲ್ಲದ ದನಿಗಳನ್ನೇ. ನಿದ್ದೆ ಮೊದಲು ಇಳಿಯುವುದು ಗಂಟಲಿಗೆ, ಕಣ್ಣಿಗೆ ಆಮೇಲೆ. ಆ ದನಿ ನನಗೆ ಗೊತ್ತಿತ್ತು.

ಖಾತ್ರಿ ಮಾಡಿಕೊಳ್ಳಬೇಕಿತ್ತು. ಗುಂಡಿ ಒತ್ತಿದೆ. “ಲೋಕೇಶ, ಮುಂದೆ ಗಾಂಧಿ ಬಜಾರ್ ಸರ್ಕಲ್ ಬರುತ್ತೆ, ಅಲ್ಲಿ ಎಡಕ್ಕೆ ತಗೊಳ್ಳಿ, ಓವರ್.”

ಗಾಂಧಿ ಬಜಾರು ಐವತ್ತು ಕಿಲೋಮೀಟರ್ ಹಿಂದೆ ಉಳಿದಿತ್ತು.

“ಆಯ್ತು ಮೇಡಂ.”

ರಂಗಸ್ವಾಮಿ ಸರಕ್ಕನೆ ನನ್ನ ಕಡೆ ನೋಡಿದರು.

ಸಾಧಾರಣವಾಗಿ ನಮ್ಮ ಜನ ಕಾರಿನಲ್ಲಿ ದೂರ ಹೋದರೆ ಮನೆಯವರೊಬ್ಬರು ಮುಂದೆ ಕೂರುತ್ತಾರೆ. ಡ್ರೈವರ್ ಜೊತೆ ಮಾತಾಡುತ್ತಾ ಇರುವುದು ಅವರ ಜವಾಬ್ದಾರಿ. ಊರು ಯಾವುದು, ಮಕ್ಕಳೆಷ್ಟು, ಏನು ಓದುತ್ತಿದ್ದಾರೆ ಎಂದು ವಿಚಾರಿಸುತ್ತಾ, ನಡುವೆ ಕಡಲೆಬೀಜ ಕೈಗೆ ಹಾಕುತ್ತಾ ಅವನು ತೂಕಡಿಸದಂತೆ ನೋಡಿಕೊಳ್ಳುತ್ತಾರೆ. ಕ್ಯಾರವಾನಿನಲ್ಲಿ ಹಾಸಿಗೆ ಇರುವುದರಿಂದ ಎಲ್ಲರೂ ಹಿಂದೆ ಹೋಗಿ ಮಲಗುತ್ತಾರೆ. ಏಸಿ ಆಚೆ ಹೋಗದಿರಲೆಂದು ಪರದೆ ಎಳೆಯುತ್ತಾರೆ. ಲೋಕೇಶನ ಪಕ್ಕದ ಸೀಟು ಖಾಲಿ ಇತ್ತು. ಅವನೊಡನೆ ಇದ್ದದ್ದು ನನ್ನ ದನಿ ಒಂದೇ.

ಆಗ ನಾನು ಐದಾರು ಸೆಕೆಂಡು ಸುಮ್ಮನೆ ಕೂತೆ. ಅದನ್ನು ಮುಚ್ಚಿಡುವುದಿಲ್ಲ. ‘ನಿನಗೆ ನಿದ್ದೆ ಬರುತ್ತಿದೆ, ಗಾಡಿ ನಿಲ್ಲಿಸು’ ಎಂದು ಸ್ಪೀಕರಿನಲ್ಲಿ ಹೇಳಿದರೆ ಹಿಂದಿದ್ದವರಿಗೂ ಕೇಳುತ್ತದೆ. ಮನೆಯವರು ದೂರು ಕೊಡುತ್ತಾರೆ, ಹುಡುಗನ ಕೆಲಸ ಹೋಗುತ್ತದೆ. ಇದೆಲ್ಲ ತಲೆಯಲ್ಲಿ ಓಡಿತು. ಲೋಕೇಶನೂ ಸೇರಿ ಎಂಟು ಜೀವ ಆ ಗಾಡಿಯಲ್ಲಿರುವಾಗ ನಾನು ಲೆಕ್ಕ ಹಾಕುತ್ತಿದ್ದದ್ದು ದೂರಿನದು.

“ಲೋಕೇಶ! ನಿನ್ನ ಮಗಳ ಹೆಸರೇನು?” ಎಂದು ಕೂಗಿದೆ.

ಗುಂಡಿ ಬಿಟ್ಟೆ. ಬರೀ ಸದ್ದು.

“ಲೋಕೇಶ! ಮಗಳ ಹೆಸರು ಹೇಳು!”

“ಮೇಡಂ, ಗಾಡಿ ಎಡಕ್ಕೆ ಎಳೀತಿದೆ,” ಎಂದರು ರಂಗಸ್ವಾಮಿ ಕನ್ನಡಿ ನೋಡುತ್ತಾ. ನಾನು ಗುಂಡಿ ಬಿಡಲೇ ಇಲ್ಲ. ಅವನ ಹೆಸರನ್ನೇ ಕೂಗುತ್ತಾ ಹೋದೆ, ಗಂಟಲು ಒಡೆಯುವಂತೆ. ಹಿಂದಿನ ಗಾಡಿ ಡಾಂಬರು ಬಿಟ್ಟು ಜಲ್ಲಿಗೆ ಇಳಿಯಿತು. ಎಡಗಡೆಯ ಕನ್ನಡಿ ರಸ್ತೆಬದಿಯ ಫಲಕಕ್ಕೆ ಬಡಿದು ಹಾರಿಹೋಯಿತು. ಆಮೇಲೆ ಬ್ರೇಕ್ ಬಿದ್ದು, ಗಾಡಿ ಓಲಾಡಿ, ಧೂಳೆಬ್ಬಿಸಿ ನಿಂತಿತು. ಅಲ್ಲಿಂದ ಇಪ್ಪತ್ತು ಹೆಜ್ಜೆ ಮುಂದೆ ಸೇತುವೆಯ ಕಟ್ಟೆ ಇತ್ತು.

ನಮ್ಮ ಗಾಡಿ ನಿಲ್ಲಿಸಿ ನಾವು ಹಿಂದಕ್ಕೆ ಓಡಿಹೋದೆವು. ಯಾರಿಗೂ ಪೆಟ್ಟಾಗಿರಲಿಲ್ಲ. ಲೋಕೇಶ ಕೆಳಗಿಳಿದು ಕೈಕಟ್ಟಿ ನಿಂತಿದ್ದ. ನನ್ನನ್ನು ನೋಡಿ, “ಚಂದನ ಅಂತ ಮೇಡಂ, ಮಗಳ ಹೆಸರು. ಕೇಳಿಸ್ತು, ಬಾಯಿಗೆ ಬರ್ಲಿಲ್ಲ,” ಎಂದ. ನನಗೆ ಅಳು ಬಂತು. ಕಂಟ್ರೋಲ್ ರೂಮಿನ ಕೆಲಸದಲ್ಲಿ ಮೂವತ್ತಮೂರು ವರ್ಷ ನಾನು ಅತ್ತಿರಲಿಲ್ಲ.

ಮಹೇಶ್ ಕೆಂಡವಾಗಿದ್ದರು. “ನಾವು ಮಲಗಿದ್ವಿ ಸರಿ, ಇವನೂ ಮಲಗ್ಬಿಟ್ಟಿದ್ನಾ? ಎಂಥವರನ್ನ ಕಳಿಸ್ತೀರಿ ಮೇಡಂ? ಈಗ್ಲೇ ಫೋನ್ ಮಾಡ್ತೀನಿ ನಿಮ್ಮ ಓನರ್‌ಗೆ.”

“ಮಾಡಿ,” ಎಂದೆ. “ಆದ್ರೆ ಇವನು ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೊಂದು ಟ್ರಿಪ್ ಮುಗಿಸಿ ಬಂದವನು ಅನ್ನೋದೂ ಹೇಳಿ. ಅದು ಗೊತ್ತಿದ್ದೂ ಸೈನ್ ಹಾಕಿದವಳು ನಾನು ಅಂತ್ಲೂ ಹೇಳಿ.”

ಮಹೇಶ್ ಫೋನ್ ಜೇಬಿಗೆ ಇಳಿಸಿದರು. ಗಿರಿಜಮ್ಮನವರು ಮಗನ ತೋಳು ಹಿಡಿದುಕೊಂಡು ಮೆಲ್ಲಗೆ ಇಳಿದು ಬಂದರು. ಲೋಕೇಶನನ್ನು ಒಂದು ಗಳಿಗೆ ನೋಡಿದರು. “ನಿದ್ದೆ ಇಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತೇನಪ್ಪ? ನಾನು ಬೇರೆ ಮೂರು ಮೂರು ಹೋಳಿಗೆ ತಿನ್ಸಿ...” ಎಂದವರು ಗಾಡಿಯ ಬಾಗಿಲು ತೋರಿಸಿದರು. “ಹೋಗು. ಒಳಗೆ ಮಲಗು.”

ಅವನು ಅಲುಗಲಿಲ್ಲ. ನನ್ನ ಮುಖ ನೋಡಿದ. ಕಾರಣ ನನಗೆ ಗೊತ್ತಿತ್ತು. ಚಾಲಕರು ಹಿಂದಿನ ಹಾಸಿಗೆ ಮುಟ್ಟಕೂಡದು ಎಂಬುದು ನಮ್ಮ ಸಂಸ್ಥೆಯ ನಿಯಮ. ನಿದ್ದೆ ಬಂದರೆ ಸೀಟಿನಲ್ಲೇ ಒರಗಬೇಕು. ನಾಲ್ಕು ವರ್ಷದಿಂದ ಅವನು ಹಾಸಿಗೆಗಳನ್ನು ಹೊತ್ತು ಊರೂರು ತಿರುಗಿದ್ದ, ಒಂದು ದಿನವೂ ಅವುಗಳ ಮೇಲೆ ಮಲಗಿರಲಿಲ್ಲ. ಆ ನಿಯಮವನ್ನು ಟೈಪ್ ಮಾಡಿ ಗಾಡಿಗಳಲ್ಲಿ ಅಂಟಿಸಿದ್ದು ನನ್ನದೇ ಕೈ.

“ಹೋಗು ಲೋಕೇಶ,” ಎಂದೆ.

“ಒಳಗೆ ಹೋಗಿ ಮಲಗ್ತೀನಿ ಮೇಡಂ,” ಎಂದ. ಆ ಮಧ್ಯಾಹ್ನದ ಕೊನೆಯ ರೀಡ್-ಬ್ಯಾಕ್ ಅದು.

ರಂಗಸ್ವಾಮಿ ಎರಡೂ ಗಾಡಿಗಳನ್ನು ಒಂದೊಂದಾಗಿ ಹತ್ತಿರದ ಹೋಟೆಲಿನ ಅಂಗಳಕ್ಕೆ ಓಡಿಸಿ ತಂದರು. ಗಿರಿಜಮ್ಮನವರು ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಅವನಾಗಿ ಏಳುವವರೆಗೆ ಯಾರೂ ಎಬ್ಬಿಸಕೂಡದು ಎಂದರು. ಲೋಕೇಶ ಮೂರು ಗಂಟೆ ಮಲಗಿದ. ಮುಂದಿನ ಪಯಣಕ್ಕೆ ಅವನ ಪಕ್ಕದ ಸೀಟಿನಲ್ಲಿ ಮಹೇಶ್ ಕೂತರು. ಮೊದಲು ಮುಖ ಬಿಗಿದುಕೊಂಡೇ ಇದ್ದರು. ಆಮೇಲೆ ರೇಡಿಯೊ ಪರೀಕ್ಷೆಗೆಂದು ನಾನು ಕರೆದು ಅವನು ಗುಂಡಿ ಒತ್ತಿದಾಗ ಇಬ್ಬರೂ ಚಂದನಳ ಶಾಲೆಯ ವಿಷಯ ಮಾತಾಡುತ್ತಿದ್ದದ್ದು ಕೇಳಿಸಿತು.

ವಾಪಸ್ ಬಂದು ವರದಿಯನ್ನು ಮತ್ತೆ ಬರೆದೆ. ಈ ಸಲ ಮೂರೇ ಸಾಲು. ರೇಡಿಯೊ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಚಾಲಕನ ಪಕ್ಕದ ಸೀಟು ಖಾಲಿ ಇರಕೂಡದು. ಹಾಸಿಗೆಯಲ್ಲಿ ಮಲಗುವ ಮೊದಲ ಹಕ್ಕು ಓಡಿಸುವವನದು. ಶಿವಪ್ರಕಾಶ್ ಈ ಸಲ ಪೂರ್ತಿ ಓದಿದರು. ಮೊದಲ ಎರಡು ಸಾಲನ್ನು ಒಪ್ಪಿದರು. ಮೂರನೆಯದನ್ನು ಗ್ರಾಹಕರು ಒಪ್ಪಲಾರರು ಎಂದರು. ಲೋಕೇಶನನ್ನು ತೆಗೆಯಲಿಲ್ಲ. ಎಂಟು ತಿಂಗಳಾದ ಮೇಲೆ ಅವನೇ ಬಿಟ್ಟು ಶಾಲೆಯ ವ್ಯಾನಿಗೆ ಸೇರಿದ. ನಾನೂ ಅದೇ ವರ್ಷ ಬಿಟ್ಟೆ.

ಈಗಲೂ ಪರಿಚಯದವರು ಕ್ಯಾರವಾನಿನಲ್ಲಿ ಹೊರಟಾಗ, ರೇಡಿಯೊ ತಗೊಂಡು ಹೋಗಬೇಕಾ ಎಂದು ನನ್ನನ್ನು ಕೇಳುತ್ತಾರೆ. ಬೇಕಿದ್ದರೆ ತಗೊಳ್ಳಿ, ಆದರೆ ಅದರಲ್ಲಿ ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದನ್ನು ಕಲಿಯಿರಿ ಎನ್ನುತ್ತೇನೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ನಿವೃತ್ತಿಯಾದ ಮೇಲೆ. ಆ ಬೆಳಿಗ್ಗೆ ಶಿವಪ್ರಕಾಶ್ ಸಹಿ ಹಾಕಿ ಎಂದಾಗ ನಾನು ಏನೋ ಹೇಳಿ ಫೋನ್ ಇಟ್ಟೆ ಎಂದೆನಲ್ಲ, ಏನು ಹೇಳಿದೆನೆಂದು ನನಗೆ ಚೆನ್ನಾಗಿ ನೆನಪಿದೆ. ಲೋಕೇಶನ ದನಿಯಲ್ಲಿದ್ದಷ್ಟೇ ಸುಸ್ತು ನನ್ನ ದನಿಯಲ್ಲೂ ಇತ್ತು. “ಆಯ್ತು ಸರ್,” ಎಂದಿದ್ದೆ.