ಶಿವಮ್ಮನವರು ಹೇಳಿದ ಸುಳ್ಳು

ಇಲವಾಲದ ಶಿವಮ್ಮನವರ ಮನೆಗೆ ಅಂದು ಹೇಳದೇ ಹೋಗಿದ್ದೆ. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾ ಅವರು ಮುದ್ದೆ ತಿರುವುತ್ತಿದ್ದರು. ನಾವು ಕೊಟ್ಟಿದ್ದ ಹೊಗೆಯಿಲ್ಲದ ಹೊಸ ಒಲೆ ಅಡುಗೆಮನೆಯ ಮೂಲೆ ಸೇರಿತ್ತು.

ಇಂಥ ಒಲೆ, ಸೋಲಾರ್ ದೀಪ ತಯಾರಿಸುವವರಿಗೆ ಬಂಡವಾಳ ಹೂಡುವ ಮೈಸೂರಿನ ಸಂಸ್ಥೆಯೊಂದರಲ್ಲಿ ನಾನಾಗ ಇಂಟರ್ನ್. ಎಂ.ಬಿ.ಎ. ಓದುತ್ತಿದ್ದೆ. ಒಲೆ ಬಳಸುವವರ ಅಭಿಪ್ರಾಯ ಬರೆದುಕೊಂಡು ಬರುವುದು ನನ್ನ ಕೆಲಸ. ಶಿವಮ್ಮ ಪ್ರತಿ ವಾರವೂ ಒಲೆ ಚೆನ್ನಾಗಿದೆ ಎಂದೇ ಬರೆಸಿದ್ದರು.

“ಮತ್ತೆ ಚೆನ್ನಾಗಿದೆ ಅಂದಿದ್ರಲ್ಲಮ್ಮ?” ಎಂದೆ.

ಅವರು ತಲೆತಗ್ಗಿಸಿದರು. “ಮುದ್ದೆ ತಿರುವುವಾಗ ಅದ್ರ ಮೇಲೆ ಪಾತ್ರೆ ನಿಲ್ಲಲ್ಲ ಕಣವ್ವ. ಪಾಪ, ಬಿಸ್ಲಲ್ಲಿ ನಡ್ಕಂಡ್ ಬತ್ತೀಯ. ದಿಟ ಹೇಳುದ್ರೆ ನಿನ್ ಕೆಲ್ಸ ಹೋಗ್ಬುಡ್ತದೇನೋ ಅಂತ ಅಂಗಂದೆ.”

ನನಗೆ ಅಳು ಬಂತು. ಬರೆದಿದ್ದ ವರದಿಯನ್ನು ಬದಿಗಿಟ್ಟು, ಇದ್ದದ್ದನ್ನು ಇದ್ದಂತೆಯೇ ಬರೆದುಕೊಟ್ಟೆ. ಸಂಸ್ಥೆ ಬಂಡವಾಳ ಹೂಡುವುದನ್ನು ಮುಂದೂಡಿತು. ನನ್ನನ್ನು ಮಾತ್ರ ಯಾರೂ ಬೈಯಲಿಲ್ಲ. ಒಲೆ ತಯಾರಿಸಿದವರೇ ಶಿವಮ್ಮನವರ ಅಡುಗೆಮನೆಗೆ ಬಂದು, ಅವರ ಪಾತ್ರೆಯ ಅಳತೆ ತೆಗೆದುಕೊಂಡು ಹೋಗಿ, ಅಲ್ಲಾಡದ ಒಲೆಯೊಂದನ್ನು ಮಾಡಿಕೊಟ್ಟರು.

ನನ್ನ ಊರು ಯಾವುದು, ಹೆತ್ತವರು ಯಾರು ಎಂದೂ ಅರಿಯದ ಹೆಂಗಸೊಬ್ಬರು ನನಗೆ ಕೆಟ್ಟದಾಗಬಾರದೆಂದು ಅಷ್ಟು ದಿನ ಕಣ್ಣುರಿ ಸಹಿಸಿದ್ದರು.