ಅಕ್ಕಿಯ ಮೇಲಿನ ಹೆಸರು, ಹಡಗಿನ ಅಡಮಾನ

ಆ ಟಗ್ಗು ಹಡಗು ಕೈತಪ್ಪಿದ್ದು ಪರದೇಶದವರ ದುರಹಂಕಾರದಿಂದ ಎಂದು ನಮ್ಮ ಮಾವ ಅಂಕೋಲೆಯ ತುಂಬ ಹೇಳಿಕೊಂಡು ಬಂದಿದ್ದಾರೆ. ಕೇಳಿದವರೆಲ್ಲ ತಲೆಯಾಡಿಸಿದ್ದಾರೆ. ಎಲ್ಲರೂ ತಲೆಯಾಡಿಸುವ ಮಾತನ್ನು ಮೊದಲು ಅನುಮಾನಿಸು ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ ಪಾಠ. ಈ ಮಾತನ್ನಂತೂ ಅನುಮಾನಿಸುವ ಅಗತ್ಯವೂ ಇಲ್ಲ. ಅದು ಸುಳ್ಳು. ಪತ್ರವ್ಯವಹಾರ ಮಾಡಿದವಳು ನಾನೇ.

ಹಡಗುಗಳ ಅಡಮಾನ ನೋಂದಾಯಿಸುವ ಮುಂಬೈಯ ವಕೀಲರಿಗೆ ನಾನು ಶಿರವಾಡದ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮಾವ, ಎಂದರೆ ನನ್ನ ಸೋದರತ್ತೆಯ ಗಂಡ, ಹಿಂದೆ ಬೇಲೆಕೇರಿಯಲ್ಲಿ ಅದಿರು ಸಾಗಿಸುವ ಬಾರ್ಜು ಇಟ್ಟಿದ್ದವರು. ಅದಿರು ಸಾಗಣೆ ನಿಂತ ಮೇಲೆ ಬಾರ್ಜು ತುಕ್ಕು ಹಿಡಿಯಿತು, ಮಾವನ ಆಸೆಗೆ ತುಕ್ಕು ಹಿಡಿಯಲಿಲ್ಲ. ದೊಡ್ಡ ಹಡಗುಗಳನ್ನು ಎಳೆಯುವ ಹಳೆಯ ಟಗ್ಗೊಂದು ಹೊರದೇಶದ ಬಂದರಿನಲ್ಲಿ ಮಾರಾಟಕ್ಕಿತ್ತು. ಯಾವ ದೇಶದವರ ಹಡಗಿಗಾದರೂ ತನ್ನ ಬಾವುಟ ಕೊಡುವ ಒಂದು ದ್ವೀಪದ ರಿಜಿಸ್ಟ್ರಿಯಲ್ಲಿ ಅದು ದಾಖಲಾಗಬೇಕು. ಅಲ್ಲಿಯೇ ಸಾಲ ಕೊಡುವವರ ಅಡಮಾನವೂ ನೋಂದಣಿಯಾಗಬೇಕು. ಆಗ ಮಾತ್ರ ಸಾಲ, ಆಗ ಮಾತ್ರ ಟಗ್ಗು.

"ಗಿರವಿ ಅಂದ್ರೆ ಟಗ್ಗನ್ನ ಬ್ಯಾಂಕಿನ ಲಾಕರಿಗೆ ಹಾಕುದೇನೆ ತಂಗಿ?" ಎಂದು ಮಾವ ನಕ್ಕಿದ್ದರು.

"ಇಲ್ಲ ಮಾವ, ಟಗ್ಗು ನಿಮ್ಮ ಹತ್ರನೇ ಇರ್ತದೆ. ಆದ್ರೆ ಅವರನ್ನ ಕೇಳದೆ ಅದರ ಹೆಸರು ಕೂಡ ಬದಲು ಮಾಡುಕಾಗುದಿಲ್ಲ."

"ಹೆಸರಿಗೂ ಕೇಳ್ಬೇಕಾ? ಒಳ್ಳೆ ಕಥೆ ಆಯ್ತು!"

ಟಗ್ಗು ಕೊಳ್ಳಲಿದ್ದ ಕಂಪನಿ ಇದ್ದದ್ದು ಅತ್ತೆಯ ಹೆಸರಿನಲ್ಲಿ. ಯಾವ ಹೆಸರು ಎಂಬುದೇ ತಕರಾರು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದ ತುದಿಯಿಂದ ಹೆಂಡತಿಗೆ ಹೊಸ ಹೆಸರು ಬರೆಯುವುದು ನಮ್ಮವರ ಪದ್ಧತಿ. ಅಂದಿನಿಂದ ಅತ್ತೆ, ಮಾವನ ಮನೆಯಲ್ಲಿ ಒಬ್ಬಳು, ತವರಾದ ನಮ್ಮ ಮನೆಯಲ್ಲಿ ಇನ್ನೊಬ್ಬಳು. ಕಂಪನಿಯ ಕಾಗದದಲ್ಲಿ ಅಕ್ಕಿಯ ಹೆಸರು. ಶಾಲೆಯ ದಾಖಲೆ ತೋರಿಸಿ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಅಜ್ಜ ಇಟ್ಟ ಹೆಸರು. ಇಬ್ಬರೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು. ಊರಿಗೆ ಗೊತ್ತಿರುವುದು ದ್ವೀಪಕ್ಕೂ ಗೊತ್ತಿರುತ್ತದೆ ಎಂದು ಮಾವ ನಂಬಿದ್ದರು.

ರಿಜಿಸ್ಟ್ರಿಯವರು ಅಹಂಕಾರ ತೋರಿಸಲಿಲ್ಲ. ಅಡಮಾನ ಪತ್ರಕ್ಕೆ ಸಹಿ ಹಾಕಿರುವ ಈ ಮಹಿಳೆ ಯಾರು ಎಂದು ಸಭ್ಯವಾಗಿ ಕೇಳಿದರು. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಸಾಕು ಎಂದೂ ಹೇಳಿದರು. ಮಾರುವವನು ಕೊಟ್ಟ ಗಡುವಿಗೆ ಅಂದೇ ಕಡೆಯ ದಿನ. ಮೂವರೂ ಅಂಕೋಲೆಯ ನೋಟರಿಯ ಹತ್ತಿರ ಓಡಿದೆವು.

ಮಾವ ಹೇಳಿದರು, ನೋಟರಿ ಟೈಪು ಮಾಡಿದರು. ಅತ್ತೆ ಕನ್ನಡಕ ಹಾಕಿಕೊಂಡು ಓದಿದಳು. ಪಾಸ್‌ಪೋರ್ಟಿನ ಹೆಸರು "ನಾನು ಮದುವೆಯ ನಂತರ ಬಿಟ್ಟುಬಿಟ್ಟ ಹೆಸರು" ಎಂದಿತ್ತು. ಅವಳು ಪೆನ್ನು ಕೆಳಗಿಟ್ಟಳು.

"ನಾನು ಬಿಡ್ಲಿಲ್ಲ. ನೀವು ಬಿಡಿಸಿದ್ದು."

"ಈಗ ಎಂತಕ್ಕೆ ಆ ಪುರಾಣ? ಸಹಿ ಹಾಕು ಮಾರಾಯ್ತಿ, ಹೊತ್ತಾಯ್ತು."

"ಎರಡೂ ನನ್ನವೇ ಹೆಸ್ರು ಅಂತ ಬರೀರಿ. ಈಗಲೇ ಹಾಕ್ತೆ."

"ಒಂದು ಶಬ್ದ ತೆಗೆದ್ರೆ ಮುಗೀತಲ್ರಾ," ಎಂದರು ನೋಟರಿ, ಪಾಪ.

ಮಾವ ಒಪ್ಪಲಿಲ್ಲ. ತಾನು ಇಟ್ಟ ಹೆಸರೇ ಹೆಸರು, ಇನ್ನೊಂದು ಇದೆ ಎಂದರೆ ತನ್ನ ಮಾತಿಗೆ ಬೆಲೆಯೇನು ಎಂದರು. ನಾನು ವಾದಿಸಿದೆ. ರಿಜಿಸ್ಟ್ರಿ ಕೇಳಿದ್ದು ಗುರುತನ್ನು, ತ್ಯಾಗವನ್ನಲ್ಲ ಎಂದೆ. ಹಡಗಿನ ಹೆಸರು ಬದಲಾದರೂ ಅದರ ದಾಖಲೆಯಲ್ಲಿ ಹಳೆಯದನ್ನು ಉಳಿಸುತ್ತಾರೆ ಎಂದೆ. "ನೀನು ಚರ್ಚೆಯ ಕಪ್ಪು ಗೆಲ್ಲುಕೆ ಬಂದದ್ದಲ್ಲ ಇಲ್ಲಿ," ಎಂದು ಮಾವ ಗದರಿದರು. ಸ್ಪರ್ಧೆಯಲ್ಲಾಗಿದ್ದರೆ ಗಂಟೆ ಹೊಡೆದು ಕೂರಿಸುತ್ತಿದ್ದರು. ಇಲ್ಲಿ ಗಂಟೆ ಹೊಡೆಯುವವರೇ ಇಲ್ಲ. ಅತ್ತೆ ಮಾತ್ರ ಪೆನ್ನು ಮುಟ್ಟಲಿಲ್ಲ. ಸಂಜೆ ನೋಟರಿ ಬಾಗಿಲು ಹಾಕಿದರು. ಟಗ್ಗು ಬೇರೆ ಯಾರದ್ದೋ ಆಯಿತು.

ಮೊನ್ನೆ ಯಾರೋ ನೆಂಟರ ಎದುರು ಮಾವ ಮತ್ತೆ ಅದೇ ದುರಹಂಕಾರದ ಕಥೆ ತೆಗೆದರು. ಅತ್ತೆ ಚಾ ತಂದಿಟ್ಟು ಅಲ್ಲೇ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಮಾವ, ಟಗ್ಗಿನ ಹೆಸರಿಗೂ ಕೇಳ್ಬೇಕಾ ಅಂದಿದ್ರಲ್ಲ. ಅಕ್ಕಿ ಮೇಲೆ ಬರೆಯುವಾಗ ನೀವು ಅತ್ತೆನ್ನ ಕೇಳಿದ್ರಾ?"